ಮೆತ್ತನೆಯ ಟೈರು

ಇನ್ನು ಆಸ್ಪತ್ರೆಗೆ ಬರುವುದಿಲ್ಲ ಎಂದು ಗಾಜಿನಂಗಡಿಯವನ ಹೆಂಡತಿ ಹೇಳಿದ್ದು ಒಂದು ಸಂಜೆ ಕಾರಿನಿಂದ ಇಳಿಯುವಾಗ. ಒಂದು ಕಾಲು ನೆಲ ಮುಟ್ಟಿತ್ತು, ಇನ್ನೊಂದನ್ನು ಹೊರಗೆ ತೆಗೆಯಲಾಗದೆ ಅವಳು ಬಾಗಿಲನ್ನು ಹಿಡಿದುಕೊಂಡು ಹಾಗೇ ಕೂತಿದ್ದಳು.

ಕ್ಯಾನ್ಸರ್ ಅವಳ ಬೆನ್ನುಮೂಳೆಗೆ ಇಳಿದಿತ್ತು. ಅದಕ್ಕೆ ಕರೆಂಟು, ಅಂದರೆ ರೇಡಿಯೇಶನ್, ಕೊಡಿಸಲು ದಿನಾ ದೊಡ್ಡಾಸ್ಪತ್ರೆಗೆ ಹೋಗಿಬರಬೇಕಿತ್ತು. ಕರೆಂಟು ಕೊಡುವಾಗ ನೋವೇನೂ ಇರುತ್ತಿರಲಿಲ್ಲ. ಹಲಗೆಯ ಮೇಲೆ ಮಲಗಿದರೆ ಯಂತ್ರ ಒಂದಿಷ್ಟು ಹೊತ್ತು ಗುಂಯ್ ಎಂದು ಸುಮ್ಮನಾಗುತ್ತಿತ್ತು. ನೋವೆಲ್ಲ ದಾರಿಯಲ್ಲಿತ್ತು. ಮಳೆಗಾಲ ಮುಗಿದ ಮೇಲೆ ಆ ರಸ್ತೆಯಲ್ಲಿ ಡಾಂಬರಿಗಿಂತ ಗುಂಡಿಗಳೇ ಹೆಚ್ಚಾಗಿದ್ದವು.

"ಈ ರಸ್ತೇಲಿರೋ ಗುಂಡಿಯೆಲ್ಲ ನನ್ನ ಬೆನ್ನಲ್ಲೇ ಇದೆ ರೀ," ಎಂದಳು. "ಸಾಕು."

"ಅರ್ಧಕ್ಕೆ ಬಿಟ್ರೆ ಹೇಗೇ? ಪೂರ್ತಿ ಮಾಡಿದ್ರೆ ನೋವು ತಗ್ಗುತ್ತೆ ಅಂದಿದ್ದಾರಲ್ಲ ಡಾಕ್ಟರು."

"ತಗ್ಗಬಹುದು ಅಂದ್ರು. ನಾನೂ ಅಲ್ಲೇ ಕೂತಿದ್ದೆ."

ಅವನು ಅವಳ ಚಪ್ಪಲಿಯನ್ನು ನೆಟ್ಟಗೆ ಮಾಡಿ ಇಟ್ಟ. ಆಮೇಲೆ ಕೇಳಿದ: "ರಸ್ತೆ ಮೆತ್ತಗಿದ್ರೆ ಬರ್ತೀಯಾ?"

"ಮೆತ್ತಗೆ ಮಾಡ್ಸೋಕೆ ರಸ್ತೆ ಏನು ನಿಮ್ಮ ತಾತನ ಆಸ್ತೀನಾ?"

"ಮೆತ್ತಗಾದ್ರೆ ಬರ್ತೀಯೋ ಇಲ್ವೋ, ಅದು ಹೇಳು."

"ಬರ್ತೀನಿ ಹೋಗಿ," ಎಂದು ಅವಳು ನಕ್ಕಳು. ನಕ್ಕಿದ್ದಕ್ಕೂ ಬೆನ್ನು ನೊಂದು ಹಲ್ಲು ಕಚ್ಚಿಕೊಂಡಳು.

ಅವನಿಗೆ ಗೊತ್ತಿದ್ದ ಕೆಲಸ ಒಂದೇ. ಕಿಟಕಿಗೆ, ಕಪಾಟಿಗೆ, ಫೋಟೊಗೆ ಗಾಜು ಕೊಯ್ದು ಕೊಡುವುದು, ಕೊಯ್ದದ್ದನ್ನು ಒಡೆಯದ ಹಾಗೆ ಗಿರಾಕಿಯ ಮನೆ ಮುಟ್ಟಿಸುವುದು. ಆಳೆತ್ತರದ ಕನ್ನಡಿಯನ್ನೂ ಅವನು ಇದೇ ರಸ್ತೆಯಲ್ಲಿ ಒಂದು ಬಿರುಕಿಲ್ಲದೆ ಸಾಗಿಸಿದ್ದ. ಅಡಿಗೆ ಹಳೇ ಕಂಬಳಿ, ಪಕ್ಕಕ್ಕೆ ಹುಲ್ಲು, ಮೂಲೆಗಳಿಗೆ ರಟ್ಟು. ಒಡೆಯುವ ಸಾಮಾನಿನ ಸುತ್ತ ಇರುವುದು ಮೆತ್ತಗಿದ್ದಷ್ಟೂ ಒಳ್ಳೆಯದು. ಅಂಗಡಿ ತೆರೆದಾಗಿನಿಂದ ಅವನು ನಂಬಿಕೊಂಡು ಬಂದದ್ದು ಇದನ್ನೇ, ಅದು ಅವನಿಗೆ ಎಂದೂ ಕೈಕೊಟ್ಟಿರಲಿಲ್ಲ.

ಮೊದಲು ಸೀಟಿನ ಮೇಲೆ ಕಂಬಳಿ ಮಡಿಸಿ ಹಾಕಿದ. ಬೆನ್ನಿಗೆ ದಿಂಬು, ಪಕ್ಕಕ್ಕೆ ದಿಂಬು, ಕಾಲಡಿಗೊಂದು ದಿಂಬು.

"ಹಣೆಗೊಂದು ಚೀಟಿ ಅಂಟಿಸಿಬಿಡಿ," ಎಂದಳು ಹೆಂಡತಿ. "'ಗಾಜು, ಜೋಪಾನ' ಅಂತ."

ಇಷ್ಟಾದರೂ ಸಾಲದು ಎಂದು ಅವನಿಗೆ ಅನ್ನಿಸಿತು. ಮಾರನೇ ದಿನ ಬೆಳಿಗ್ಗೆ ಅವಳು ಬಚ್ಚಲಲ್ಲಿದ್ದಾಗ ಹೊರಗೆ ಬಂದು, ಒಂದೊಂದೇ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ಗಾಳಿ ತುಂಬುವ ಬಾಯಿಯನ್ನು ಬೆಂಕಿಕಡ್ಡಿಯಿಂದ ಒತ್ತಿ ಸ್ವಲ್ಪ ಗಾಳಿ ಬಿಟ್ಟ. ಟೈರಿನ ಹೊಟ್ಟೆ ನೆಲದ ಹತ್ತಿರ ಒಂಚೂರು ಉಬ್ಬಿತು. ಹೆಬ್ಬೆರಳಿಂದ ಒತ್ತಿ ನೋಡಿದ. ಇದೇ ಬೇಕಾಗಿದ್ದು ಅನ್ನಿಸಿತು.

ಸಂಜೆ ವಾಪಸು ಬಂದು ಅವಳನ್ನು ಇಳಿಸುವಾಗ ಕೇಳಿದ: "ಹೇಗಿತ್ತು ಇವತ್ತು?"

ಅವಳು ಅವನ ಮುಖವನ್ನೊಮ್ಮೆ ನೋಡಿದಳು. "ವಾಸಿ ರೀ. ನಿನ್ನೆಯಷ್ಟಿರಲಿಲ್ಲ," ಎಂದಳು.

ಆ ರಾತ್ರಿ ಅವನು ಎರಡು ಸಲ ಬಡಿಸಿಕೊಂಡು ಉಂಡ. ಬೆಳಿಗ್ಗೆ ಎದ್ದು ಇನ್ನೊಂಚೂರು ಗಾಳಿ ಬಿಟ್ಟ. ಅವತ್ತೂ ಅವಳು ಚೆನ್ನಾಗಿತ್ತು ಎಂದಳು. ಮರುದಿನ ಇನ್ನೊಂಚೂರು. ಸ್ಟಿಯರಿಂಗ್ ಭಾರವಾಯಿತು, ತಿರುವಿನಲ್ಲಿ ಕಾರು ಕುಡಿದವನ ಹಾಗೆ ವಾಲತೊಡಗಿತು. ಅದು ಅವನಿಗೆ ಗೊತ್ತಾಗದೆ ಇರಲಿಲ್ಲ. ಆದರೆ ಅವಳು ಬರುತ್ತಿದ್ದಳು. ಮತ್ತೆ ಬರುವುದಿಲ್ಲ ಎಂದಿರಲಿಲ್ಲ. ಉಳಿದದ್ದನ್ನೆಲ್ಲ ಕರೆಂಟು ಮುಗಿದ ಮೇಲೆ ನೋಡಿಕೊಂಡರಾಯಿತು ಎಂದುಕೊಂಡ.

ಟೈರು ಒಡೆದದ್ದು ಊರ ಹೊರಗಿನ ಸೇತುವೆ ದಾಟಿದ ಮೇಲೆ. ಎದುರಿಗೆ ಬಂದ ಲಾರಿಗೆ ದಾರಿ ಬಿಡಲು ಎಡಕ್ಕೆ ಸರಿದ. ನೀರು ತುಂಬಿ ಬರೀ ಒದ್ದೆ ನೆಲದಂತೆ ಕಾಣುತ್ತಿದ್ದ ಒಂದು ಗುಂಡಿಗೆ ಮುಂದಿನ ಚಕ್ರ ಇಳಿಯಿತು, ಅದರ ಹಿಂದೆಯೇ ಹಿಂದಿನದೂ ಇಳಿಯಿತು. ಕಬ್ಬಿಣ ಕಲ್ಲಿಗೆ ಬಡಿದ ಸದ್ದು ಎರಡು ಸಲ ಕೇಳಿಸಿತು. ಹೆಂಡತಿ ಕೂಗಲಿಲ್ಲ. ಮೂಗಿನಿಂದ ಒಂದು ಸಣ್ಣ ಸದ್ದು ಹೊರಟಿತು, ಅಷ್ಟೇ. ಅದು ಅವನಿಗೆ ಕೂಗಿಗಿಂತ ಕಷ್ಟವಾಯಿತು.

ಟೈರಂಗಡಿ ಕೂಗಳತೆಯಲ್ಲೇ ಇತ್ತು. ತಗಡಿನ ಸೂರು, ಗಾಳಿ ಯಂತ್ರ, ನೀರಿನ ತೊಟ್ಟಿ, ಗೋಡೆಗೆ ಒರಗಿಸಿದ ಹಳೇ ಟೈರುಗಳ ಸಾಲು. ಟೈರಂಗಡಿಯವನು ಸದ್ದು ಕೇಳಿಯೇ ಜಾಕು ಹಿಡಿದು ಹೊರಟಿದ್ದ. ಕುಂಟುತ್ತಿದ್ದ ಕಾರನ್ನು ನಿಧಾನವಾಗಿ ಒಳಗೆ ಬಿಡಿಸಿಕೊಂಡು, ಒಳಗಿಂದ ಕೈಯಿರುವ ಕುರ್ಚಿಯೊಂದನ್ನು ತಂದು ನೆರಳಿಗೆ ಹಾಕಿದ. ಹೆಂಡತಿಯನ್ನು ಕೂರಿಸಲು ಇಬ್ಬರೂ ಬೇಕಾಯಿತು. ಅವಳ ಬೆನ್ನಿಗೆ ಗಂಡ ದಿಂಬು ಕೊಟ್ಟ.

"ಒಂದು ಮಾತು ಕೇಳ್ಲಾ?" ಎಂದಳು ಅವಳು ಟೈರಂಗಡಿಯವನಿಗೆ, ಉಸಿರು ಹತೋಟಿಗೆ ಬಂದ ಮೇಲೆ. "ಆ ಗುಂಡಿ ನೀವೇ ತೋಡಿದ್ದಾ?"

"ಅಯ್ಯೋ ಅಕ್ಕಾ, ನೀವೂ ಅದನ್ನೇ ಕೇಳಿದ್ರಾ! ನನ್ನ ಹೆಂಡ್ತಿನೂ ಅದನ್ನೇ ಕೇಳ್ತಾಳೆ. ನಾನೇ ಎಷ್ಟು ಸಲ ಕಲ್ಲು ತುಂಬಿದೀನಿ ಗೊತ್ತಾ? ಒಂದು ಮಳೆ ಬಂದ್ರೆ ಅದು ಮತ್ತೆ ಬಾಯ್ಬಿಡುತ್ತೆ. ನನ್ನ ಹಣೇಲಿ ಆ ಗುಂಡಿ ಬರೆದಿದೆ, ಆ ಗುಂಡಿ ಹಣೇಲಿ ನನ್ನ ಹೆಸರು ಬರೆದಿದೆ."

ಅವಳು ನಕ್ಕಳು. ಆಸ್ಪತ್ರೆಗೆ ಹೊತ್ತಾಗುತ್ತೆ ಎನ್ನುತ್ತಾ ಗಂಡ ಗಡಿಯಾರ ನೋಡಿದ. ಹೊತ್ತಿಗೆ ಸರಿಯಾಗಿ ತಲುಪದಿದ್ದರೆ ಯಂತ್ರದ ಸರದಿ ತಪ್ಪುತ್ತಿತ್ತು.

ಟೈರಂಗಡಿಯವನು ಮುಂದಿನ ಚಕ್ರ ಬಿಚ್ಚಿ ಟೈರಿನ ಪಕ್ಕವನ್ನು ಬೆರಳಿಂದ ಸವರಿದ. ಒಂದರ ಪಕ್ಕ ಒಂದು, ಹಾವು ಕಚ್ಚಿದ ಹಾಗೆ ಎರಡು ಸೀಳು. ಹಿಂದಿನ ಟೈರಿನಲ್ಲೂ ಹಾಗೇ ಇತ್ತು.

"ಪಕ್ಕ ಹರಿದರೆ ಪ್ಯಾಚ್ ನಿಲ್ಲಲ್ಲ ಸಾರ್. ಎರಡೂ ಹೋಯ್ತು. ಒಂದಕ್ಕೆ ನಿಮ್ಮ ಸ್ಟೆಪ್ನಿ ಹಾಕೋಣ, ಇನ್ನೊಂದಕ್ಕೆ ನನ್ನತ್ರ ಓಡಿಸಿದ ಹಳೇ ಟೈರು ಒಂದಿದೆ, ಗಟ್ಟಿಯಾಗಿದೆ." ಅವನು ತಲೆ ಕೆರೆದುಕೊಂಡ. "ಆದರೂ ಇಷ್ಟು ಹರೀಬಾರದಿತ್ತು. ಗಾಳಿ ಎಷ್ಟಿತ್ತು?"

"ಸರಿಯಾಗೇ ಇತ್ತು," ಎಂದ ಗಾಜಿನಂಗಡಿಯವನು.

ಟೈರಂಗಡಿಯವನು ಉಳಿದೆರಡು ಚಕ್ರಗಳಿಗೆ ಮೀಟರು ಹಚ್ಚಿ ನೋಡಿದ, ಮುಖ ಗಂಟಾಯಿತು. "ಸಾರ್, ಇದರಲ್ಲಿ ಅರ್ಧ ಗಾಳಿನೂ ಇಲ್ಲ. ನಾಲ್ಕಕ್ಕೂ ಒಂದೇ ಸಲ ಪಂಕ್ಚರ್ ಆಗೋದುಂಟಾ? ಯಾರೋ ನಿಮಗಾಗದವರು ಬಿಟ್ಟಿದ್ದಾರೆ. ನಿಮ್ಮ ಬೀದೀಲಿ ಯಾರಾದ್ರೂ ಪೋಕರಿಗಳಿದ್ದಾರಾ?"

ಗಾಜಿನಂಗಡಿಯವನು ಮತ್ತೆ ಗಡಿಯಾರ ನೋಡಿದ.

"ಒಬ್ಬರಿದ್ದಾರೆ," ಎಂದಳು ಹೆಂಡತಿ ಕುರ್ಚಿಯಿಂದ. "ತಲೆ ನೆರೆತಿದೆ, ಬುದ್ಧಿ ಬಂದಿಲ್ಲ."

ಟೈರಂಗಡಿಯವನಿಗೆ ಎಷ್ಟು ಅರ್ಥವಾಯಿತೋ, ಸ್ಟೆಪ್ನಿ ಇಳಿಸಿಕೊಂಡು ಕಾರಿನ ಆ ಮಗ್ಗುಲಿಗೆ ಹೋಗಿ ಕೆಲಸ ಹಿಡಿದ. ಗಂಡ ನಿಧಾನವಾಗಿ ಬಂದು ಅವಳ ಕುರ್ಚಿಯ ಪಕ್ಕ ಒಂದು ಟೈರಿನ ಮೇಲೆ ಕೂತ.

"ನಿನಗೆ ಗೊತ್ತಿತ್ತಾ?"

"ಬಚ್ಚಲ ಕಿಟಕಿ ಎಲ್ಲಿಗೆ ತೆರೆಯುತ್ತೆ ಅಂತ ನಿಮಗೆ ಮರೆತೇ ಹೋಗಿತ್ತು. ಮೊದಲ ದಿನವೇ ನೋಡಿದೆ. ದೊಡ್ಡ ಮನುಷ್ಯ ಕುಕ್ಕರಗಾಲಲ್ಲಿ ಕೂತು, ಮಗೂಗೆ ಹಾಲು ಕುಡಿಸೋ ಹಾಗೆ ಚಕ್ರಕ್ಕೆ ಕಡ್ಡಿ ಇಟ್ಟುಕೊಂಡು... ನಗು ಬಂತು. ಆಮೇಲೆ ಬಚ್ಚಲಲ್ಲೇ ನೀರು ಬಿಟ್ಟುಕೊಂಡು ಅತ್ತೆ."

"ಅದರಿಂದ ವಾಸಿ ಆಯ್ತು ತಾನೇ? ನೀನೇ ಹೇಳ್ತಿದ್ದೆಯಲ್ಲ."

ಅವಳು ಉತ್ತರ ಕೊಡಲು ತಡ ಮಾಡಿದಳು. ಅಷ್ಟು ತಡ ಮಾಡಿದ್ದೇ ಅವನಿಗೆ ಸಾಕಿತ್ತು. ಆದರೂ ಅವಳ ಬಾಯಿಂದಲೇ ಕೇಳಲು ಕಾದು ಕೂತ.

"ಇಲ್ಲ ರೀ," ಎಂದಳು. "ಮೊದಲು ಗುಂಡಿ ಬಂದಾಗ ಮಾತ್ರ ನೋಯ್ತಿತ್ತು. ಗಾಳಿ ಬಿಟ್ಟ ಮೇಲೆ ಕಾರು ಓಲಾಡೋಕೆ ಶುರುವಾಯ್ತು. ನೆಟ್ಟಗಿರೋ ರಸ್ತೇಲೂ ಆ ಕಡೆ ಈ ಕಡೆ. ಒಂದು ಗಳಿಗೆ ಬಿಡುವಿಲ್ಲ."

"ಮತ್ಯಾಕೆ ಚೆನ್ನಾಗಿತ್ತು ಅಂದೆ?"

"ನೀವು ಎಷ್ಟು ಆಸೆಯಿಂದ ಕೇಳ್ತಿದ್ರಿ! ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ನಾನು ಚೆನ್ನಾಗಿತ್ತು ಅಂದಷ್ಟೂ ನೀವು ಗಾಳಿ ಬಿಡ್ತಾ ಹೋದ್ರಿ." ಅವಳು ನೆಲದ ಮೇಲೆ ಬಿದ್ದಿದ್ದ ಹರಿದ ಟೈರನ್ನು ನೋಡಿದಳು. "ಇದನ್ನ ನೀವೊಬ್ಬರೇ ಹರೀಲಿಲ್ಲ. ಇಬ್ಬರೂ ಸೇರಿ ಹರಿದಿದ್ದು."

ಅವನು ತನ್ನ ಅಂಗೈಗಳನ್ನು ನೋಡಿಕೊಂಡ. ಗಾಜು ಕೊಯ್ದ ಹಳೇ ಗಾಯಗಳ ಬಿಳಿ ಗೆರೆಗಳು ತುಂಬಿದ್ದವು. ಏನಾದರೂ ಒಂದು ಉಪಾಯ ಹೇಳಬೇಕೆಂದು ಬಾಯಿ ತೆರೆದ. "ಸರಿ ಹಾಗಾದ್ರೆ. ಇವತ್ತಿಂದ ಗಾಳಿ ಸರಿಯಾಗಿ ಹಾಕಿಸ್ತೀನಿ. ಸೇತುವೆ ಹತ್ರ ಇಳಿದು ನಡೆದೇ ನೋಡಿ ಆಮೇಲೆ ಓಡಿಸ್ತೀನಿ. ಇಲ್ಲಾಂದ್ರೆ ಆಸ್ಪತ್ರೆ ಪಕ್ಕ ರೂಮು ಮಾಡೋಣ. ಅಂಗಡಿ ಮುಚ್ಚಿದ್ರೆ ಮುಚ್ಚಲಿ. ಇಲ್ಲಾಂದ್ರೆ—"

"ರೀ."

ಅವನು ನಿಲ್ಲಿಸಿದ.

"ಅವತ್ತು ನೀವು ಸೀಟಿನ ಮೇಲೆ ಕಂಬಳಿ ಹಾಸ್ತಾ ಇದ್ದಾಗ ನಾನು ಡಾಕ್ಟರಿಗೆ ಫೋನು ಮಾಡಿ ನೇರವಾಗಿ ಕೇಳ್ದೆ. ಪೂರ್ತಿ ಕರೆಂಟು ತಗೊಂಡ್ರೆ ಎಷ್ಟು ಕಾಲ ಹೆಚ್ಚು ಸಿಗುತ್ತೆ ಅಂತ. ಹೆಚ್ಚು ಸಿಗಲ್ಲಮ್ಮ ಅಂದ್ರು. ಇದು ಬದುಕೋಕಲ್ಲ, ನೋವಿಗೆ ಅಂತ ಕೊಡೋದು, ಅದೂ ಎಲ್ಲರಿಗೂ ಫಲ ಕೊಡಲ್ಲ ಅಂದ್ರು. ನೋವು ಕಮ್ಮಿ ಆಗ್ಲಿ ಅಂತ ನಾನು ದಿನಾ ನೋವು ತಿಂತಾ ಬರ್ತಿದೀನಿ. ಲೆಕ್ಕ ಸರಿ ಹೋಗ್ತಾ ಇಲ್ಲ."

"ನನಗ್ಯಾಕೆ ಹೇಳ್ಲಿಲ್ಲ?"

"ನಿಮಗೆ ಕೇಳೋ ಧೈರ್ಯ ಇರಲಿಲ್ಲ. ನನಗೆ ಹೇಳೋ ಧೈರ್ಯ ಇರಲಿಲ್ಲ. ಇಷ್ಟು ದಿನ ನಿಮಗೋಸ್ಕರ ಬಂದೆ ರೀ. ನೀವು ಕಾರಲ್ಲಿ ಪಕ್ಕದಲ್ಲಿರ್ತಿದ್ರಿ, ಅದಷ್ಟೇ ಹಿತವಾಗಿತ್ತು. ಇನ್ನು ಆಗಲ್ಲ. ಮನೇಲೇ ಪಕ್ಕದಲ್ಲಿರಿ."

ಗಾಳಿ ಯಂತ್ರ ಡಬಡಬ ಎಂದು ಶುರುವಾಗಿ ಮಾತು ಕೇಳಿಸದ ಹಾಗಾಯಿತು. ಅವಳ ಕೈ ಅವನ ಭುಜದ ಮೇಲಿತ್ತು. ಅವನು ಅಳು ತಡೆದುಕೊಳ್ಳುವಾಗ ಆ ಕೈಯೂ ಅಲುಗಿತು, ಅದರಿಂದ ಅವಳ ಬೆನ್ನಿಗೆ ನೋವಾದೀತೆಂದು ಅವನು ಅಲುಗದಿರಲು ನೋಡಿದ.

"ಆಯ್ತು ಸಾರ್!" ಅಂಗಡಿಯವನು ಕೈ ಒರೆಸಿಕೊಳ್ಳುತ್ತಾ ಬಂದ. "ನಾಲ್ಕಕ್ಕೂ ಸರಿಯಾಗಿ ಹಾಕಿದೀನಿ. ಈಗ ಹೊರಟ್ರೆ ಆಸ್ಪತ್ರೆಗೆ ಹೊತ್ತಿಗೆ ಮುಟ್ತೀರ."

ಅವಳನ್ನು ಕಾರಿನಲ್ಲಿ ಕೂರಿಸಿ ಬಾಗಿಲು ಹಾಕುವಷ್ಟರಲ್ಲಿ ಫೋನು ಬಡಿದುಕೊಂಡಿತು. ಕರೆಂಟು ಕೋಣೆಯ ನರ್ಸಮ್ಮ. ಒಳ್ಳೆಯ ಹುಡುಗಿ, ದಿನಾ ಹೆಂಡತಿಯನ್ನು ಮಗುವಿನ ಹಾಗೆ ಹಲಗೆಯ ಮೇಲೆ ಮಲಗಿಸುತ್ತಿದ್ದಳು.

"ಸಾರ್, ಎಲ್ಲಿದ್ದೀರಾ? ಆಂಟಿ ಸರದಿ ಬಂತು."

"ಟೈರು ಒಡೀತಮ್ಮ. ಗುಂಡಿಗೆ ಬಿತ್ತು."

"ಅಯ್ಯೋ! ಆಂಟಿಗೆ ಪೆಟ್ಟಾಯ್ತಾ? ಪರವಾಗಿಲ್ಲ ಸಾರ್, ಕೊನೇ ಸರದಿಗೆ ಹಾಕ್ತೀನಿ. ನಾನೇ ಕಾದಿರ್ತೀನಿ, ನಿಧಾನಕ್ಕೆ ಬನ್ನಿ."

ಅವನು ಕಿಟಕಿಯ ಮೂಲಕ ಹೆಂಡತಿಯನ್ನು ನೋಡಿದ. ಅವಳಿಗೆ ಎರಡೂ ಕಡೆಯ ಮಾತು ಕೇಳಿಸುತ್ತಿತ್ತು. ಅವಳು ತಲೆಯಾಡಿಸಲೂ ಇಲ್ಲ, ಬೇಡ ಎಂಬ ಸನ್ನೆಯನ್ನೂ ಮಾಡಲಿಲ್ಲ. ಮೊದಲ ದಿನ ಹೇಗಿತ್ತು ಎಂದು ಕೇಳಿದಾಗ ನೋಡಿದ ಹಾಗೇ ಅವನ ಮುಖ ನೋಡುತ್ತಿದ್ದಳು. ಹೋಗೋಣ ಎಂದು ಅವನು ಅಂದರೆ ಅವಳು ಈಗಲೂ ಬರುವವಳೇ. ಅವನಿಗೆ ಅದು ಗೊತ್ತಾಯಿತು.

"ಇವತ್ತು ಬರಲ್ಲಮ್ಮ," ಎಂದ.

"ಹಾಗಾದ್ರೆ ನಾಳೆ ಬೇಗ ಹಾಕ್ಲಾ?"

"ನಾಳೆನೂ ಬೇಡ."

"ಯಾಕೆ ಸಾರ್, ಟೈರು ರಿಪೇರಿ ಆಗಲ್ವಾ?"

"ಟೈರು ಆಯ್ತಮ್ಮ," ಎಂದ ಗಾಜಿನಂಗಡಿಯವನು. ಆ ಕಡೆಯ ಹುಡುಗಿಗೆ ಅರ್ಥವಾಯಿತು. "ಆಂಟಿಗೆ ಕೇಳಿದೆ ಅಂತ ಹೇಳಿ," ಎಂದಳು.

ಅವನು ಕಾರು ಚಾಲೂ ಮಾಡಿ ರಸ್ತೆಗೆ ಅಡ್ಡಲಾಗಿ ತಿರುಗಿಸಿದ.

"ಸಾರ್, ಸಾರ್! ಆಸ್ಪತ್ರೆ ಆ ಕಡೆ ಅಲ್ವಾ?" ಅಂಗಡಿಯವನು ಕೂಗುತ್ತಾ ಹಿಂದೆ ಓಡಿಬಂದ. ಕಿಟಕಿಯ ಹತ್ತಿರ ಬಂದವನು ಇಬ್ಬರ ಮುಖವನ್ನೂ ನೋಡಿ ಮಾತು ನಿಲ್ಲಿಸಿದ. ಆಮೇಲೆ ರಸ್ತೆಯ ನಡುವೆ ಹೋಗಿ ನಿಂತು, ಎರಡೂ ಕೈ ಚಾಚಿ ಬರುತ್ತಿದ್ದ ಗಾಡಿಗಳನ್ನೆಲ್ಲ ತಡೆದ. ಹಾರನ್ನುಗಳು ಅರಚಿದವು. "ಇರ್ರೋ! ಒಂದು ನಿಮಿಷ ತಡೀರೋ!" ಎಂದು ಅವರನ್ನೆಲ್ಲ ಬೈಯುತ್ತಾ, ಕಾರು ಗುಂಡಿಯ ಅಂಚನ್ನು ಬಳಸಿ ಮನೆಯ ಕಡೆಗೆ ಪೂರ್ತಿ ತಿರುಗುವವರೆಗೂ ಅವನು ಅಲ್ಲೇ ನಿಂತಿದ್ದ.