ಸ್ವಂತ ಮನೆಯ ಬಾಗಿಲು ತಟ್ಟುವವರು

ತಮ್ಮ ಹೆಂಡತಿಯನ್ನು ನೋಡಲು ಹೋಗುವಾಗ ಅನ್ಶೆಲ್ ರೋಟ್‌ಬ್ಲಿಟ್ ಅವರು ಉಣ್ಣೆಯ ಉದ್ದ ಕೋಟು ತೊಟ್ಟು, ಅದರ ಗುಂಡಿಗಳನ್ನು ಕೊರಳವರೆಗೂ ಹಾಕಿಕೊಂಡು, ತಲೆಯ ಮೇಲಿನ ಕಪ್ಪು ಹ್ಯಾಟನ್ನು ಬೆರಳ ತುದಿಯಿಂದ ಸರಿಪಡಿಸಿ, ತಮ್ಮದೇ ಮನೆಯ ಬಾಗಿಲನ್ನು ಮೆಲ್ಲಗೆ ತಟ್ಟಿ, ಒಳಗಿನಿಂದ ಅಪ್ಪಣೆಯಾಗುವ ತನಕ ಒಂದು ಹೆಜ್ಜೆ ಹಿಂದೆ ಸರಿದು ನಿಂತಿರುತ್ತಿದ್ದರು. ಆ ಮನೆಯ ಬೀಗದ ಕೈ ಅವರ ಜೇಬಿನಲ್ಲೇ ಇತ್ತು. ಬಾಗಿಲ ಮೇಲಿನ ಹಿತ್ತಾಳೆಯ ಫಲಕದಲ್ಲಿದ್ದುದು ಅವರದೇ ಹೆಸರು. ಆದರೂ ಅವರು ನಿಂತಿರುತ್ತಿದ್ದರು, ಹೆಣ್ಣು ನೋಡಲು ಬಂದ ವರನ ಗಾಂಭೀರ್ಯದಿಂದ. ಮೊದಮೊದಲು ಇದನ್ನು ಕಂಡು ನಗೆ ತಡೆದುಕೊಂಡ ನಮ್ಮ ಮಹಡಿಯವರೇ ಆಮೇಲೆ, ಅವರು ನಿಂತಿರುವಾಗ ಪಕ್ಕದಲ್ಲಿ ಹಾದುಹೋಗಬೇಕಾದರೆ ದನಿ ತಗ್ಗಿಸತೊಡಗಿದರು.

ಮಾಂಟ್ರಿಯಲ್ ನಗರದ ಪಶ್ಚಿಮಕ್ಕಿರುವ ನಮ್ಮ ಯಹೂದಿ ಹಿರಿಯರ ವಸತಿಯಲ್ಲಿ ನಾವು ಗೌರವದಿಂದ ರೆಬ್ ಎಂದು ಕರೆಯುತ್ತಿದ್ದ ಅನ್ಶೆಲ್ ಎಂದರೆ ಎಲ್ಲರಿಗೂ ಗೊತ್ತು, ಆದರೆ ಅವರ ಮನೆಯೊಳಗೆ ಯಾವ ಬಣ್ಣದ ಪರದೆ ಇದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಸೇಂಟ್ ಲಾರೆಂಟ್ ಬೀದಿಯ ಕೋಟಿನ ಕಾರ್ಖಾನೆಯಲ್ಲಿ ಆಯುಷ್ಯವೆಲ್ಲ ಬಟ್ಟೆ ಕತ್ತರಿಸಿದವರು. ಭಾರದ ಕತ್ತರಿ ಹಿಡಿದು ಹಿಡಿದು ಬಲಹೆಗಲು ಎಡಕ್ಕಿಂತ ಇಳಿದಿತ್ತು. ನಡೆಯುವಾಗ ಇಡೀ ದೇಹ ಆ ಹೆಗಲನ್ನು ಹಿಂಬಾಲಿಸುತ್ತಿರುವಂತೆ ತೋರುತ್ತಿತ್ತು. ಯಾರೇ ಎದುರಾಗಲಿ ಮೊದಲು ಅವರ ಕಣ್ಣು ಹೋಗುತ್ತಿದ್ದುದು ಎದುರಿನವರ ಭುಜಕ್ಕೆ, ಆಮೇಲೆ ಮುಖಕ್ಕೆ. ಮಾತಿನ ನಡುವೆ ಯಾರಾದರೂ ತುಸು ಅತಿಶಯೋಕ್ತಿ ಬೆರೆಸಿದರೆ ಸಾಕು, "ಅಳತೆ ತಗೊಂಡು ಮಾತಾಡಪ್ಪ" ಎನ್ನುವರು. ಯಾರ ಹಂಗಿಗೂ ಬೀಳದವರು ಎಂಬುದು ಅವರ ಅಭಿಮಾನ, ಯಾರನ್ನೂ ಹತ್ತಿರ ಬಿಟ್ಟುಕೊಳ್ಳದವರು ಎಂಬುದು ನಮ್ಮ ದೂರು. ಬಲ್ಬು ಹೋದರೆ ಬದಲಿಸಲು ಬಂದ ವಸತಿಯ ಕೆಲಸಗಾರನನ್ನು ಹೊಸ್ತಿಲಲ್ಲೇ ನಿಲ್ಲಿಸಿ, ಬಲ್ಬನ್ನು ಇಸಿದುಕೊಂಡು, ಥ್ಯಾಂಕ್ಸ್ ಹೇಳಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಹೆಂಡತಿ ಮಿರೆಲ್ ಗಂಡನಿಗೆ ತದ್ವಿರುದ್ಧ. ಮಾತು, ನಗು, ಬಾಯ್ತುಂಬ ಉಪಚಾರ. ಆದರೆ ಧರ್ಮದ ಕಟ್ಟಳೆಗಳ ವಿಷಯದಲ್ಲಿ ಮಾತ್ರ ಕೂದಲೆಳೆಯಷ್ಟೂ ಸಡಿಲವಿಲ್ಲ. ತಲೆವಸ್ತ್ರವಿಲ್ಲದ ಮಿರೆಲ್ ಅವರನ್ನು ಕಂಡವರಿಲ್ಲ. ಶುಕ್ರವಾರ ಸೂರ್ಯ ಮುಳುಗುವ ಮುನ್ನ ಆಕೆಯ ಕಿಟಕಿಯಲ್ಲಿ ವಾರದ ಪವಿತ್ರ ದಿನವನ್ನು ಬರಮಾಡಿಕೊಳ್ಳುವ ದೀಪ ಕಾಣದಿದ್ದರೆ ಗಡಿಯಾರವೇ ತಪ್ಪಿರಬೇಕು ಎಂದುಕೊಳ್ಳುತ್ತಿದ್ದೆವು. ಆ ದೀಪ ಒಂದು ಬುಧವಾರ ಉರಿಯಿತು. ನಾವು ಕಂಡೆವು, ರೆಬ್ ಅನ್ಶೆಲ್ ಅವರನ್ನು ಕೇಳಿದೆವು. ಕರೆಂಟು ಕೈಕೊಟ್ಟಿತ್ತು ಎಂದರು. ಎದುರಿಗೆ ಬಂದವರ ಹೆಸರು ಮಿರೆಲ್‌ಗೆ ಹೊಳೆಯದಾದಾಗ, ಅವಳ ಕಿವಿ ಸ್ವಲ್ಪ ಮಂದ ಎಂದರು. ಸಾರಿಗೆ ಉಪ್ಪು ಎರಡು ಸಲ ಬೀಳತೊಡಗಿದಾಗ ಗುಟ್ಟಾಗಿ ತಾವೇ ಅಡಿಗೆ ಕಲಿತರು. ಮರೆವಿನ ಕಾಯಿಲೆಯೆಂಬ ಮಾತನ್ನು ಬಾಯಿಗೆ ತಾರದೆ, ಕೋಟಿನೊಳಗಿನ ಸವೆದ ಅಸ್ತರನ್ನು ಹೊರಗೆ ಕಾಣದಂತೆ ಹೊಲಿಯುವ ಹಾಗೆ, ಹೆಂಡತಿಯ ಮರೆವನ್ನು ಲೋಕಕ್ಕೆ ಕಾಣದಂತೆ ಬಹುಕಾಲ ಹೊಲಿಯುತ್ತ ಬಂದರು.

ಶರತ್ಕಾಲದ ಒಂದು ಬೆಳಗ್ಗೆ ಆ ಹೊಲಿಗೆ ಬಿಚ್ಚಿತು. ಚಹಾದ ಲೋಟ ಹಿಡಿದು ಮಂಚದ ಬಳಿ ನಿಂತ ಗಂಡನನ್ನು ಕಂಡು ಮಿರೆಲ್ ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡು, ನೀವು ಯಾರು ಎಂದು ಕೇಳಿದರು. ನಾನು ಅನ್ಶೆಲ್ ಎಂದರು ಇವರು.

"ಅನ್ಶೆಲ್ ಅನ್ನೋದು ನಮ್ಮೆಜಮಾನ್ರ ಹೆಸ್ರು" ಎಂದರು ಆಕೆ. "ಅವ್ರು ಕೆಲಸಕ್ಕೆ ಹೋಗಿದಾರೆ. ಗಂಡಸರಿಲ್ಲದ ಮನೆಗೆ ಹೀಗೆ ನುಗ್ಗೋದು ಮರ್ಯಾದಸ್ಥರ ಲಕ್ಷಣ ಅಲ್ಲ ಸ್ವಾಮಿ. ಅವ್ರು ಬರೋವರೆಗೆ ಆಚೆ ಕೂತಿರಿ. ಬಾಗ್ಲು ತೆಗೆದೇ ಇರ್ಲಿ."

ಗಂಡನಲ್ಲದ ಗಂಡಸಿನೊಂದಿಗೆ ಮುಚ್ಚಿದ ಬಾಗಿಲ ಹಿಂದೆ ಇರಬಾರದೆಂಬುದು ನಮ್ಮಲ್ಲಿ ಭಕ್ತೆಯಾದ ಹೆಣ್ಣು ಎಳೆತನದಲ್ಲೇ ಕಲಿಯುವ ನಿಯಮ. ಮಿರೆಲ್‌ಗೆ ಎಷ್ಟೋ ಮರೆತಿತ್ತು, ಅದು ಮರೆತಿರಲಿಲ್ಲ. ರೆಬ್ ಅನ್ಶೆಲ್ ಒಂದು ಕುರ್ಚಿಯನ್ನು ಕಾರಿಡಾರಿಗೆ ಎಳೆದುಕೊಂಡು ಬಾಗಿಲ ಎದುರು ಕೂತರು. ಪರಕೀಯನೆನಿಸಿಕೊಂಡ ಮೇಲೆ ಪರಕೀಯನಿಗೆ ತಕ್ಕ ಉಡುಪು ಬೇಕಲ್ಲ. ಅಂದಿನಿಂದ ಕೋಟು, ಹ್ಯಾಟು, ಬಾಗಿಲು ತಟ್ಟುವ ಶಿಷ್ಟಾಚಾರ. ಬಾಗಿಲು ತೆರೆದಿಟ್ಟರೆ ಬೆಂಕಿ ಅಪಾಯದ ಸುರಕ್ಷತೆಯ ನಿಯಮಕ್ಕೆ ವಿರುದ್ಧ ಎಂದು ವಸತಿಯ ಮೇಲ್ವಿಚಾರಕ ಬಂದ. ಬೆಂಕಿ ಬಿದ್ದಾಗ ಮುಚ್ಚುತ್ತೇನೆ ಎಂದು ಇವರು ಉತ್ತರ ಕೊಟ್ಟರು. ಕೊನೆಗೆ ಅವನೇ ಸೋತು, ಬಾಗಿಲನ್ನು ತೆರೆದೇ ಹಿಡಿದಿದ್ದು ಅಪಾಯದ ಗಂಟೆ ಹೊಡೆದರೆ ತಾನಾಗಿ ಬಿಟ್ಟುಬಿಡುವ ಹಿಡಿಕೆಯೊಂದನ್ನು ಹಾಕಿಸಿಕೊಟ್ಟ. ಪರದೆಯ ಬಣ್ಣ ನೀಲಿಯೆಂದು ನಮಗೆ ತಿಳಿದದ್ದು ಆಗ.

ಆದರೂ ಅವರು ಯಾರ ನೆರವನ್ನೂ ಒಲ್ಲೆನೆಂದರು. ಅಡಿಗೆ, ಬಟ್ಟೆ, ಔಷಧ ಎಲ್ಲವೂ ತಾವೇ. ಆ ಚಳಿಗಾಲದಲ್ಲಿ ಕಟ್ಟಡದೊಳಗೂ ಅವರು ಉಣ್ಣೆಯ ಕೈಗವಸು ತೊಟ್ಟಿರುವುದನ್ನು ನೋಡಿದೆವು. ಮುದುಕರಿಗೆ ಚಳಿ ಹೆಚ್ಚು, ಅಂದುಕೊಂಡೆವು.

ಅವರ ಮಗಳು ಬ್ಲೂಮಾ ಅದೇ ಊರಿನಲ್ಲಿ ದಂತವೈದ್ಯೆ. ತಾಯಿಯನ್ನು ನೋಡಲು ಬಂದಾಗಲೆಲ್ಲ ತಂದೆಯೊಂದಿಗೆ ಜಗಳವಾಡಿ, ಯಾರನ್ನಾದರೂ ಸಹಾಯಕ್ಕೆ ಇಟ್ಟುಕೋ ಎಂದು ಬೇಡಿ, ಸೋತು ಹಿಂತಿರುಗುತ್ತಿದ್ದಳು. ಕಡೆಗೆ ಅವಳು ಅಪ್ಪನಿಗೆ ಹೇಳದೆ ವಸತಿಯ ಕೆಳಮಹಡಿಯಲ್ಲಿ ಮಂಗಳವಾರಗಳಂದು ಸೇರುವ ಕೂಟಕ್ಕೆ ಹೋಗತೊಡಗಿದಳು. ಮರೆವಿನವರನ್ನು ನೋಡಿಕೊಳ್ಳುವ ಗಂಡ, ಹೆಂಡತಿ, ಮಕ್ಕಳು ವೃತ್ತಾಕಾರವಾಗಿ ಕೂತು ತಮ್ಮ ಹೊರೆ ಇಳಿಸಿಕೊಳ್ಳುವ ಕೂಟ ಅದು. ನಡೆಸುವವಳು ಶೂಲಾ ಬೆನ್‌ಸಿಮೋನ್, ಮೊರಾಕ್ಕೊ ಕಡೆಯ ಯಹೂದಿ ಮನೆತನದವಳು, ತನ್ನ ಕಡೆಯ ಖಾರದ ಮೀನಡಿಗೆಯಷ್ಟೇ ಚುರುಕು. ಮನೆಯ ಮಾತು ಬೀದಿಗೆ ಬಿತ್ತೆಂದು ತಿಳಿದು ರೆಬ್ ಅನ್ಶೆಲ್ ಮಗಳನ್ನು ಎಬ್ಬಿಸಿಕೊಂಡು ಬರಲೆಂದೇ ಒಂದು ಮಂಗಳವಾರ ಕೆಳಗಿಳಿದರು. ಪಕ್ಕದ ಮನೆಯ ನಾನು ಅಷ್ಟು ಹೊತ್ತು ಮಿರೆಲ್ ಬಳಿ ಕೂತಿದ್ದೆ. ಕೆಳಗೆ ನಡೆದದ್ದನ್ನು ಆಮೇಲೆ ಬ್ಲೂಮಾ ಹೇಳಿದಳು.

ಅವರು ಒಳಹೊಕ್ಕಾಗ ಬ್ಲೂಮಾ ಮಾತಾಡುತ್ತಿದ್ದಳು. ಅಮ್ಮನಿಗೆ ಅಪ್ಪ ಪೂರ್ತಿ ಮರೆತುಹೋಗಿದ್ದಾರೆ, ಜೀವನವಿಡೀ ಜೊತೆಗಿದ್ದವರನ್ನು ಈಗ ಹೊರಗೆ ಕೂರಿಸಿದ್ದಾಳೆ, ನೋಡಿದರೆ ಕರುಳು ಕಿತ್ತು ಬರುತ್ತದೆ ಎನ್ನುತ್ತಿದ್ದಳು. ರೆಬ್ ಅನ್ಶೆಲ್ ಬಾಗಿಲಲ್ಲೇ ನಿಂತರು.

"ಮರೆತಿದಾಳೆ ಅಂತ ಯಾರು ಹೇಳಿದ್ದು ನಿಂಗೆ?" ಎಂದರು. "ನನ್ನ ಮುಖ ಮರೆತಿದಾಳೆ. ಮರೀಲಿ, ಅವಳು ಮದ್ವೆ ಆಗಿದ್ದು ಈ ಸುಕ್ಕು ಮುಖಾನಲ್ಲ. ನನ್ನನ್ನೇ ಮರೆತಿದ್ರೆ ಪರಗಂಡಸನ್ನ ಆಚೆ ಕೂರಿಸ್ತಿದ್ಲಾ? ಯಾರಿಗೋಸ್ಕರ ಕೂರಿಸಿದಾಳೆ? ನನಗೋಸ್ಕರ. ಊರಲ್ಲಿ ಎಷ್ಟು ಗಂಡಂದಿರಿಗೆ ಈ ಭಾಗ್ಯ ಇದೆ ಹೇಳು ನೋಡೋಣ."

ಅಳುತ್ತಿದ್ದ ಬ್ಲೂಮಾ ಅಳು ಮರೆತು ತಂದೆಯನ್ನೇ ನೋಡಿದಳಂತೆ. ಶೂಲಾ ಮಾತ್ರ ಮೆಚ್ಚಿಕೆಯ ಮಾತಾಡಲಿಲ್ಲ. ತುಂಬ ಮೆತ್ತಗೆ ಕೇಳಿದಳು:

"ಸರಿ ರೆಬ್ ಅನ್ಶೆಲ್, ಒಪ್ಪಿದೆ. ಆದ್ರೆ ಆ ಪರಗಂಡಸು ಆಕೆಗೆ ಸ್ನಾನ ಹೇಗೆ ಮಾಡಿಸ್ತಾನೆ?"

ಅವರು ಒಂದು ಖಾಲಿ ಕುರ್ಚಿಯ ಬೆನ್ನು ಹಿಡಿದು, ಕೂತು, ಕೈಗವಸುಗಳನ್ನು ಒಂದೊಂದಾಗಿ ಕಳಚಿದರು. ಎರಡೂ ಮುಂಗೈಗಳ ತುಂಬ ಉಗುರಿನ ಗೀರುಗಳು, ಹಳೆಯವು, ಹೊಸವು. ಹೆಂಡತಿಯ ಮೈ ಶುದ್ಧವಾಗಿಡುವುದು ತಮ್ಮ ಕರ್ತವ್ಯವೆಂದು ನಂಬಿ, ಆಕೆ ಕಿರುಚಿದರೂ ಅತ್ತರೂ, ದಿನವೂ ಆಕೆಯ ಗುಂಡಿ ಬಿಚ್ಚಿದ ಕೈಗಳು ಅವು. ಯಾವ ಮಾನವನ್ನು ಮಿರೆಲ್ ಗಂಡನಿಗಾಗಿ ಉಗುರಿನಿಂದ ಕಾಯ್ದುಕೊಂಡಿದ್ದರೋ, ಅದನ್ನು ದಿನದಿನವೂ ಕಸಿದುಕೊಳ್ಳುತ್ತಿದ್ದವನು ತಾನೇ ಎಂಬುದು ಅವರಿಗೆ ಆ ಕ್ಷಣದಲ್ಲಿ ಹೊಳೆದಿರಬೇಕು. ತಾನು ಕೈಲಾಗದವನೆಂದು ಯಾರಾದರೂ ಹೇಳಿದ್ದರೆ ಆ ಮನುಷ್ಯ ಸಾಯುವವರೆಗೂ ಬಗ್ಗುತ್ತಿರಲಿಲ್ಲ. ಇದು ಕೈಲಾಗದ ಮಾತಲ್ಲ, ಸಲ್ಲದ ಮಾತು. ಮರುದಿನ ತಾವಾಗಿ ಶೂಲಾಳ ಕೋಣೆಗೆ ಹೋಗಿ, ಒಬ್ಬ ಹೆಂಗಸು ಬೇಕು ಎಂದರು.

ಬಂದವಳು ಗಿಸ್ಲೆನ್, ಹೈಟಿ ದೇಶದವಳು, ಎತ್ತರದ ಆಳು, ಗಟ್ಟಿ ನಗು. ಮೊದಲ ದಿನ ಒಳಗೆ ನೀರಿನ ಸದ್ದು ಕೇಳುತ್ತಿರುವಾಗ ರೆಬ್ ಅನ್ಶೆಲ್ ಕಾರಿಡಾರಿನ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಕಿರುಚಾಟ ಬರಲಿಲ್ಲ. ಆಮೇಲೆ ಮಿರೆಲ್ ನಗುವುದು ಕೇಳಿಸಿತು. ಎಷ್ಟೋ ತಿಂಗಳ ಮೇಲೆ ಆ ನಗು. ನಾನು ಅವರ ಮುಖ ನೋಡಿದೆ. ಸಂತೋಷ ಇತ್ತು, ಹೊಟ್ಟೆಕಿಚ್ಚೂ ಇತ್ತು. ಹ್ಯಾಟನ್ನು ಕಣ್ಣಿನವರೆಗೆ ಎಳೆದುಕೊಂಡು ಬಿಟ್ಟರು.

ಹೊರೆಯ ಅರ್ಧ ಗಿಸ್ಲೆನ್ ಹೊತ್ತ ಮೇಲೆ ಅವರಿಗೆ ಅತಿಥಿಯಾಗಲು ಪುರುಸೊತ್ತು ಸಿಕ್ಕಿತು. ಮಧ್ಯಾಹ್ನ ತೆರೆದೇ ಇದ್ದ ಬಾಗಿಲನ್ನು ತಟ್ಟುವರು. ಗಿಸ್ಲೆನ್ ಇದ್ದಾಳೆ, ಬಾಗಿಲೂ ತೆರೆದಿದೆ. ಆದ್ದರಿಂದ ಮಿರೆಲ್ ಒಳಗೆ ಕರೆದು ಮೇಜಿನ ಆಚೆ ಬದಿಯಲ್ಲಿ ಕೂರಿಸಿ, ನಿಂಬೆ ಹಾಕಿದ ಚಹಾ, ಜೇನಿನ ಕೇಕು ಕೊಡಿಸುವರು. ಮಾತು ತಪ್ಪದೆ ಯಜಮಾನರ ಕಡೆಗೆ ತಿರುಗುವುದು. ಹೀಗೆ, ಬಹುಪಾಲು ಗಂಡಂದಿರು ಕೇಳದೆಯೇ ತೀರಿಕೊಳ್ಳುವ ಮಾತುಗಳನ್ನು ಅವರು ಎದುರೆದುರೇ ಕೂತು ಕೇಳಿದರು: ಕೈ ಬಂಗಾರದ್ದು, ಬಾಯಿ ಮಾತ್ರ ಬೀಗ ಹಾಕಿದ್ದು, ಗೊರಕೆ ವಿಪರೀತ, ಮನೆಗೆ ನಾಲ್ಕು ಜನ ಬಂದರೆ ಮೈಮೇಲೆ ಬೆಂಕಿ ಬಿದ್ದಂತೆ ಆಡುತ್ತಾರೆ, ನನಗೋ ಶುಕ್ರವಾರದ ಮೇಜಿನ ತುಂಬ ಜನ ಬೇಕು. ಆ ಶುಕ್ರವಾರ ಅವರು ನಮ್ಮ ಮನೆ ಬಾಗಿಲಿಗೆ ಬಂದು, ಭುಜ ನೋಡುತ್ತ, ಊಟಕ್ಕೆ ಬನ್ನಿ ಎಂದರು. ಶೂಲಾ ತನ್ನ ಖಾರದ ಮೀನು ತಂದಳು. ರೆಬ್ ಅನ್ಶೆಲ್ ಒಂದು ತುಂಡು ತಿಂದು, ಕಣ್ಣಲ್ಲಿ ನೀರು ಹಾಕಿಕೊಂಡು, ನಿಮ್ಮ ಕಡೆ ಇದನ್ನು ಊಟಕ್ಕೆ ಮಾಡುತ್ತೀರೋ ಶಿಕ್ಷೆಗೋ ಎಂದು ಕೇಳಿದರು. ಮೇಜಿನ ತಲೆಯ ಕಡೆಯ ಕುರ್ಚಿಯನ್ನು, ಯಜಮಾನರು ಬರುತ್ತಾರೆಂದು, ಮಿರೆಲ್ ಖಾಲಿ ಇಡಿಸಿದ್ದರು. ರೆಬ್ ಅನ್ಶೆಲ್ ಅದರ ಪಕ್ಕದಲ್ಲಿ ಕೂತು ಉಂಡರು.

ಅವರ ಅಭಿಮಾನ ಎಲ್ಲರಿಗೂ ಹಿತವಾಗಿತ್ತೆಂದು ಹೇಳಲಾರೆ. ಮಂಗಳವಾರದ ಕೂಟಕ್ಕೆ ಖಾಯಂ ಸದಸ್ಯರಾದ ಮೇಲೆ ಹೆಂಡತಿಯ ನಿಷ್ಠೆಯ ಕಥೆಯನ್ನು ಹೊಸಬರು ಬಂದಾಗಲೆಲ್ಲ ಹೇಳುತ್ತಿದ್ದರು. ಒಂದು ದಿನ ಝಾಲ್ಮೆನ್ ಫೆಯ್ನ್ ಎಂಬಾತ ನಡುವೆಯೇ ಎದ್ದು ಹೊರಟುಹೋದ. ಅವನ ಹೆಂಡತಿ ಮರೆವಿನವರ ಮಹಡಿಯಲ್ಲಿ ದಿನವಿಡೀ ಇನ್ನೊಬ್ಬ ಮುದುಕನ ಕೈ ಹಿಡಿದು ಕೂತಿರುತ್ತಿದ್ದಳೆಂಬುದು ಎಲ್ಲರಿಗೂ ಗೊತ್ತಿತ್ತು, ರೆಬ್ ಅನ್ಶೆಲ್‌ಗೆ ಮಾತ್ರ ಗೊತ್ತಿರಲಿಲ್ಲ. ಕ್ಷಮೆ ಕೇಳುವುದು ಅವರ ಜಾಯಮಾನವಲ್ಲ. ಮಾರನೆಯ ದಿನ ಉಪ್ಪು ಮೀನಿನ ಜಾಡಿಯೊಂದನ್ನು ಕಂಕುಳಲ್ಲಿಟ್ಟುಕೊಂಡು ಆ ಮಹಡಿಗೆ ಹೋಗಿ ಝಾಲ್ಮೆನ್ ಪಕ್ಕ ಕೂತರು. ಎದುರಿಗೆ ಸೋಫಾದ ಮೇಲೆ ಅವನ ಹೆಂಡತಿ ಮತ್ತು ಆ ಮುದುಕ, ಕೈಯಲ್ಲಿ ಕೈ.

"ಅವನನ್ನ ಏನಂತ ಕರೀತಾಳೆ?" ಎಂದು ಕೇಳಿದರು ರೆಬ್ ಅನ್ಶೆಲ್.

"ಝಾಲ್ಮೆನ್ ಅಂತ" ಎಂದ ಝಾಲ್ಮೆನ್.

"ಮತ್ತೇನಪ್ಪ" ಎಂದು ಅವರು ಜಾಡಿಯ ಮುಚ್ಚಳ ತೆಗೆದರು.

ಈ ಮಾತನ್ನು ಝಾಲ್ಮೆನ್ ಸ್ವತಃ ಕೂಟದಲ್ಲಿ ಹೇಳಿದ, ತಲೆಯೆತ್ತಿ. ಅಂದಿನಿಂದ ರೆಬ್ ಅನ್ಶೆಲ್ ತಮ್ಮ ಕಥೆಯನ್ನು ಕೇಳಿದವರಿಗಷ್ಟೇ ಹೇಳಿದರು. ಅದಕ್ಕೆ ಬದಲಾಗಿ ಅಳುವವರ ಪಕ್ಕದ ಕುರ್ಚಿ ಹುಡುಕಿ ಕೂರುವುದನ್ನು ಕಲಿತರು.

ಹೋದ ವಸಂತದಲ್ಲಿ, ಹಿಮ ಕರಗುವ ದಿನಗಳಲ್ಲಿ, ಮಿರೆಲ್ ತೀರಿಕೊಂಡರು. ಸಾವಿನ ಮನೆಯ ಏಳು ದಿನಗಳ ಶೋಕದಲ್ಲಿ ರೆಬ್ ಅನ್ಶೆಲ್ ನಮ್ಮ ಪದ್ಧತಿಯಂತೆ ಗಿಡ್ಡ ಪೀಠದ ಮೇಲೆ ಕೂತಿದ್ದರು. ಬಂದವರೆಲ್ಲ ಕೊನೆಯವರೆಗೂ ಆಕೆ ಗುರುತು ಹಿಡಿಯಲಿಲ್ಲವಲ್ಲ ಎಂದು ಮರುಗುತ್ತಿದ್ದರು. ಆಗ ಅವರು, ಹೆಂಡತಿ ಇನ್ನೂ ಮಾತಾಡುತ್ತಿದ್ದ ಕಾಲದ ಒಂದು ಮಧ್ಯಾಹ್ನದ ಸಂಗತಿಯನ್ನು ಹೇಳಿದರು. ಚಹಾ ಕುಡಿಯುತ್ತಿರುವಾಗ ಮಿರೆಲ್ ಕೇಳಿದರಂತೆ, ನಿಮಗೆ ಮದುವೆ ಆಗಿದೆಯೇ ಎಂದು.

"ಆಗಿದೆ, ಅಂದೆ. ಹೆಂಡ್ತಿ ಹೇಗೆ, ಅಂದ್ಲು. ಅಂಥವಳು ಊರಲ್ಲೇ ಇಲ್ಲ, ಅಂದೆ. ತಗೋ, ಲೋಟ ಕೆಳಗಿಟ್ಟು ಎದ್ದು ನಿಂತ್ಕೊಂಡ್ಲು. 'ಅಂಥವಳನ್ನ ಮನೇಲಿ ಬಿಟ್ಟು ಇಲ್ಲಿ ಚಹಾ ಕುಡೀತಾ ಕೂತಿದೀರಲ್ಲ, ನಾಚಿಕೆ ಆಗಲ್ವಾ ನಿಮಗೆ? ನಡೀರಿ ಮನೆಗೆ.' ಓಡಿಸೇಬಿಟ್ಲು."

ಸುತ್ತ ಕೂತವರು ನಗಬಹುದೋ ಬಾರದೋ ಎಂದು ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವಳು ಬ್ಲೂಮಾ. ಆಮೇಲೆ ಎಲ್ಲರೂ ನಕ್ಕರು. ಗಿಸ್ಲೆನ್ ಕಣ್ಣೊರೆಸಿಕೊಳ್ಳುತ್ತ ನಕ್ಕಳು. ರೆಬ್ ಅನ್ಶೆಲ್ ನಮ್ಮನ್ನೆಲ್ಲ ಹೆಮ್ಮೆಯಿಂದ ನೋಡಿದರು, ಮಗಳ ಮದುವೆಯಲ್ಲಿ ಬೀಗರನ್ನು ನೋಡುವ ಹಾಗೆ.

ಮರೆವಿನವರ ಸೇವೆಯಲ್ಲಿ ಸವೆಯುವವರನ್ನು ಕಂಡಾಗ ಲೋಕ ಅಯ್ಯೋ ಎನ್ನುತ್ತದೆ. ಕರುಣೆ ತಪ್ಪಲ್ಲ, ಆದರೆ ಆ ಜನರ ನಡುವೆ ಕರುಣೆಯನ್ನು ಒಲ್ಲದ ಒಂದು ಕುಲವಿದೆ. ಅವರು ಮುಂಗೋಪಿಗಳು, ಹಠಮಾರಿಗಳು, ಸಹಾಯ ಮಾಡಲು ಹೋದವರನ್ನು ಹೊಸ್ತಿಲಲ್ಲಿ ನಿಲ್ಲಿಸುವವರು. ತಮಗಾಗಿ ಅವರು ಎಂದೂ ಬಗ್ಗುವುದಿಲ್ಲ, ತಾವು ಪ್ರೀತಿಸಿದ ಜೀವದ ಮರ್ಯಾದೆಗಾಗಿ ಒಂದು ದಿನ ಬಗ್ಗುತ್ತಾರೆ, ಹಾಗೆ ಬಗ್ಗಿದಾಗಲೇ ಅವರ ನಿಜವಾದ ಎತ್ತರ ನಮಗೆ ಕಾಣುವುದು. ತಮ್ಮ ಮುಖವನ್ನು ಕೂಡ ಗುರುತಿಸಲಾರದವರ ಬಗ್ಗೆ, ಇವರು ನನ್ನವರು, ಇವರಂಥವರು ಇಲ್ಲ ಎಂದು ಹತ್ತು ಜನರ ಮುಂದೆ ಎದೆಯೆತ್ತಿ ಹೇಳಿಕೊಳ್ಳುವ ಇಂಥವರು ಒಂದೊಂದು ಮಹಡಿಗೆ ಒಬ್ಬರಾದರೂ ಇರುತ್ತಾರೆ. ಅವರ ನೆರೆಯಲ್ಲಿ ಬಾಳಿದ ನಮಗೂ ಆ ಹೆಮ್ಮೆಯಲ್ಲಿ ಒಂದು ಪಾಲು ಸಿಕ್ಕಿಬಿಡುತ್ತದೆ. ಅದನ್ನು ಅವರು ಕೊಟ್ಟದ್ದಲ್ಲ, ನಾವೂ ಕೇಳಿದ್ದಲ್ಲ.