ಕಾಲರ್‌ನ ಹೊಟ್ಟೆಯ ಸುತ್ತಳತೆ

ಬೆಳಿಗ್ಗೆ ಕಟಿಂಗ್ ಮೇಜಿನ ಕೆಳಗೆ ಕಾಲರ್ ಎರಡು ಸಲ ವಾಂತಿ ಮಾಡಿತು. ಬಟ್ಟಲು ಮುಂದಿಟ್ಟರೆ ಮೂಸಿ ಮುಖ ತಿರುಗಿಸಿತು. ಕಾಲರ್ ಅಂದರೆ ದರ್ಜಿಯ ನಾಯಿ. ಒಂಬತ್ತು ವರ್ಷದಿಂದ ಅವನ ಪಾದವನ್ನೇ ದಿಂಬು ಮಾಡಿಕೊಂಡು ಮಲಗುವ ಜೀವ. ದರ್ಜಿ ಗಾಬರಿಯಿಂದ ನಾಯಿಡಾಕ್ಟರಮ್ಮನಿಗೆ ಫೋನ್ ಮಾಡಿದ.

"ಹೊಟ್ಟೆ ಮೇಲೆ ಒಂದು ಕಣ್ಣಿಡಿ," ಅಂದರು ಆಕೆ. "ಉಬ್ತಾ ಬಂದ್ರೆ, ಓಕರಿಸಿದ್ರೂ ಏನೂ ಬರದೇ ಇದ್ರೆ, ಒಂದು ನಿಮಿಷಾನೂ ಕಾಯ್ಬೇಡಿ. ಜೀವಕ್ಕೇ ಅಪಾಯ."

ಕಣ್ಣಿಡು ಅಂದರೆ ಆ ಮನೆಯಲ್ಲಿ ಟೇಪು ಹಿಡಿ ಅಂತಲೇ ಅರ್ಥ. ಗಂಡ ಹೊಲಿಯುವುದು ಕೋಟು, ಹೆಂಡತಿ ಹೊಲಿಯುವುದು ಈಜುಡುಗೆ. ಇಬ್ಬರೂ ಸರದಿಯ ಮೇಲೆ ಗಂಟೆಗೊಮ್ಮೆ ಅಳೆದು ಆರ್ಡರ್ ಪುಸ್ತಕದಲ್ಲಿ ಬರೆಯತೊಡಗಿದರು. ಒಂಬತ್ತಕ್ಕೆ ಹೆಂಡತಿ: ಇಪ್ಪತ್ತೆರಡು ಇಂಚು. ಹತ್ತಕ್ಕೆ ಗಂಡ: ಇಪ್ಪತ್ತಾರು.

"ಏ, ನಾಲ್ಕಿಂಚು ಊದಿದೆ ಕಣೇ!"

ಹನ್ನೊಂದಕ್ಕೆ ಹೆಂಡತಿ: ಇಪ್ಪತ್ತೆರಡು.

"ಇಳೀತಲ್ಲ ರೀ. ಸುಮ್ನೆ ಬಾಯಿ ಬಡ್ಕೋಬೇಡಿ."

ಹನ್ನೆರಡಕ್ಕೆ ಗಂಡ: ಇಪ್ಪತ್ತಾರು.

"ಇದೇನು ನಾಯೀನೋ, ಕಮ್ಮಾರನ ತಿದಿಯೋ!" ಎನ್ನುತ್ತಾ ದರ್ಜಿ ಯಾರದೋ ಅರ್ಧ ಹೊಲಿದ ಕೋಟಿನಲ್ಲಿ ಕಾಲರ್‌ನನ್ನು ಸುತ್ತಿಕೊಂಡು ಓಡಿದ. ಪುಸ್ತಕ ಎತ್ತಿಕೊಂಡು ಹೆಂಡತಿ ಹಿಂದೆ.

ಡಾಕ್ಟರಮ್ಮ ಹೊಟ್ಟೆ ಒತ್ತಿದರು, ತುಟಿ ಎತ್ತಿ ವಸಡು ನೋಡಿದರು. "ಮೆತ್ತಗಿದೆ. ವಸಡೂ ಗುಲಾಬಿ ಬಣ್ಣ. ಏನೂ ಉಬ್ಬಿಲ್ಲ."

"ಉಬ್ಬಿಲ್ವಾ? ಬರೆದಿದೀವಲ್ಲ, ನೋಡಿ!"

ಪುಸ್ತಕ ನೋಡಿದ ಆಕೆ, "ಎಲ್ಲಿ, ನನ್ನ ಮುಂದೆ ಅಳೀರಿ," ಅಂದರು. ದರ್ಜಿ ಟೇಪು ಸುತ್ತಿದ. ಕೋಟಿಗೆ ಸಡಿಲ ಬಿಡುವ ಅಭ್ಯಾಸಬಲದಿಂದ ನಾಲ್ಕು ಬೆರಳು ಒಳಗೆ ತೂರಿಸಿದ.

"ಅಯ್ಯೋ ನಿಮ್ಮ! ನಾಯಿಗೆ ಒಳಗಡೆ ಶರ್ಟು ಬೇರೆ ಹಾಕೋದಿತ್ತಾ?" ಅಂದಳು ಹೆಂಡತಿ.

"ನೀನೇನು ಕಮ್ಮಿ? ಈಜುಡುಗೆಗೆ ಅಳೆಯೋ ಹಾಗೆ ಟೇಪು ಎಳೆದು, ಉಸಿರು ಬಿಗಿಹಿಡ್ಕೋ ಅಂತ ಅದಕ್ಕೆ ಹೇಳ್ತಿರಲಿಲ್ವಾ?"

ಡಾಕ್ಟರಮ್ಮ ನಗು ತಡೆದುಕೊಂಡರು. "ಅನುಮಾನ ಬಂದಾಗ ಬಂದಿದ್ದೇ ಒಳ್ಳೇದಾಯ್ತು. ವಾಂತಿ ಯಾವ ಬಣ್ಣ ಇತ್ತು?"

"ನೀಲಿ," ಅಂದ ದರ್ಜಿ, ಎಲ್ಲರ ನಾಯಿಯೂ ನೀಲಿಯನ್ನೇ ಕಕ್ಕುತ್ತದೆ ಎಂಬಂತೆ.

"ನೀಲೀನಾ?"

ಹೆಂಡತಿ ಸೊಂಟಕ್ಕೆ ಕೈಯಿಟ್ಟಳು. "ಬಟ್ಟೆಗೆ ಗುರುತು ಹಾಕೋ ಸೀಮೆಸುಣ್ಣ! ನಾನೇ ಎತ್ತಿಟ್ಕೊಂಡೆ ಅಂತ ನಿನ್ನೆಯಿಂದ ಕೂಗಾಡ್ತಿದ್ರಲ್ಲ, ಎಲ್ಲಿಗೆ ಹೋಯ್ತು ಅಂತ ನೋಡಿ ಈಗ."

ಡಾಕ್ಟರಮ್ಮ ಒಂದು ಇಂಜೆಕ್ಷನ್ ಕೊಟ್ಟರು. "ನೀರು ಸ್ವಲ್ಪ ಸ್ವಲ್ಪಾನೇ ಕೊಡಿ. ಸಂಜೆ ಮೆತ್ತಗಿನ ಊಟ. ಕಕ್ಕ ಮಾಡಿದಾಗ ನೋಡಿ: ನೀರಾಗಿದ್ರೆ, ಕಪ್ಪಗಿದ್ರೆ, ರಕ್ತ ಕಂಡ್ರೆ ತಕ್ಷಣ ಬನ್ನಿ. ಮಾಡದೇ ಇದ್ರೂ ಬನ್ನಿ."

ಹೊರಗೆ ಬಂದು ಹತ್ತು ಹೆಜ್ಜೆ ಹಾಕಿರಲಿಲ್ಲ, ಕಾಲರ್ ಫುಟ್‌ಪಾತಿನ ಅಂಚಿನಲ್ಲಿ ಬೆನ್ನು ಬಗ್ಗಿಸಿ ಕೂತಿತು. ಗಂಡಹೆಂಡತಿ ಇಬ್ಬರೂ ಉಸಿರು ಬಿಗಿಹಿಡಿದು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತರು. ತಿಳಿನೀಲಿ. ಗಟ್ಟಿಯಾಗಿ, ಅಂದವಾಗಿತ್ತು.

ದರ್ಜಿ ಎದ್ದು, ದಾರಿಯಲ್ಲಿ ಹೋಗುತ್ತಿದ್ದ ಟೈ ಕಟ್ಟಿದ ಮನುಷ್ಯನ ಕೈ ಹಿಡಿದುಕೊಂಡ. "ನೋಡಿ ಸಾರ್, ನೋಡಿ! ಎಷ್ಟು ಚೆನ್ನಾಗಿ ಮಾಡಿದಾನೆ!"

ಆತ ಕೈ ಬಿಡಿಸಿಕೊಂಡು ಸರಸರ ನಡೆದ. ಹೆಂಡತಿ ತೋಳಿನಲ್ಲೇ ಕಣ್ಣೊರೆಸಿಕೊಂಡು, ಅದನ್ನು ಎತ್ತಿಹಾಕಲು ಕಾಗದ ಹುಡುಕತೊಡಗಿದಳು.