ಮಹದೇವಪ್ಪನ ಮನೆಯ ಕ್ಯಾರಲ್ಸ್

“ನಮ್ಮನೆ ಏನ್ ಪಾಪ ಮಾಡಿತ್ತು ಅಯ್ಯನೋರೇ? ಈ ಸಲ ಕ್ಯಾರಲ್ಸ್ ಬರಲ್ವಂತೆ?”

ಹೊಗೆಸೊಪ್ಪು ವಿಂಗಡಿಸುತ್ತಿದ್ದ ಮಹದೇವಪ್ಪ ಅಂಟುಗೈಯಲ್ಲೇ ಎದ್ದು ಬಂದಿದ್ದ. ಚರ್ಚಿನ ಮೆಟ್ಟಿಲ ಮೇಲಿದ್ದ ಪಾದ್ರಿ ಸತ್ಯಮಿತ್ರ ಅಯ್ಯನವರು ಗಡಬಡಿಸಿ ಎದ್ದರು. ಬೆಟ್ಟದಪುರದ ಪಕ್ಕದ ಈ ಪುಟ್ಟ ಸಭೆಗೆ ಅವರು ಬಂದು ವರ್ಷವೂ ತುಂಬಿರಲಿಲ್ಲ.

“ಈಗಿನ ಕಾಲ ನೋಡ್ತಾ ಇದ್ದೀರಲ್ಲ. ಹಿಂದೂಗಳ ಮನೆ ಮುಂದೆ ನಿಂತು ಕ್ರಿಸ್‌ಮಸ್ ಹಾಡು ಹಾಡಿದ್ರೆ ಮತಾಂತರಕ್ಕೆ ಬಂದ್ರು ಅಂತಾರೆ. ಅದಕ್ಕೇ ಚರ್ಚಿನೊಳಗೇ ಹಾಡಿ ಮುಗಿಸೋಣ ಅಂತ.”

“ಯಾವನ್ರೀ ಅನ್ನೋನು? ನಮ್ಮಪ್ಪನ ಕಾಲದಿಂದ ಕೇಳ್ತಾ ಇವ್ನಿ, ನಾನೇನ್ ಮತ ಬುಟ್ನಾ? ಮನೆದೇವ್ರು ಮಾದಪ್ಪ ಅಂಗೇ ಅವ್ನೆ!”

ಪಕ್ಕದಲ್ಲಿದ್ದ, ಸಭೆಯ ಹಳೆಯ ಹಾಡುಗಾರ್ತಿ ಸುನಂದಮ್ಮನ ಮುಖ ಅರಳಿತು. ಒಂದು ವರ್ಷ ನಿಂತರೆ ಕ್ಯಾರಲ್ಸ್ ಮತ್ತೆಂದೂ ಹೊರಡುವುದಿಲ್ಲ ಎಂಬ ಚಿಂತೆಗೆ ಅವಳಿಗೆ ವಾರದಿಂದ ಊಟ ರುಚಿಸಿರಲಿಲ್ಲ. ಆದರೆ ಹಾಡಲು ಉಳಿದವರು ಅವಳೂ ಇನ್ನಿಬ್ಬರು ಮುದುಕಿಯರೂ ಅಷ್ಟೆ. ಎತ್ತಿ ಹಾಡುವ ಗಂಡುದನಿ ಅಂತಿದ್ದರೆ ಅವಳ ಮೊಮ್ಮಗ ಸಾಗರ್‌ನದು. ಹುಣಸೂರಿನ ಬೈಕ್ ಶೋರೂಮಿನಲ್ಲಿ ಕೆಲಸಕ್ಕಿರುವ ಅವನು ಚರ್ಚಿಗೆ ಬರುವುದನ್ನೇ ಬಿಟ್ಟಿದ್ದ. ಅಜ್ಜಿಯನ್ನು ಕರೆದೊಯ್ಯಲು ಬಂದವನು ಈಗಲೂ ಗೇಟಿನಾಚೆ ಬೈಕಿನ ಮೇಲೇ ಕೂತಿದ್ದ.

ಮಹದೇವಪ್ಪ ಅತ್ತ ತಿರುಗಿದ. “ನೀನ್ಯಾಕ್ಲಾ ಹಾಡಲ್ಲ?”

“ನಂಬ್ಕೆ ಒಂಟೋಗದೆ ಮಾವ. ದೇವ್ರು ಇಲ್ಲ ಅನ್ಕಂಡು, ದೇವ್ರು ಹುಟ್ಟಿದ ಅಂತ ಎಂಗೆ ಹಾಡ್ಲಿ? ಸುಳ್ಳಾಗಲ್ವಾ?”

ಸುನಂದಮ್ಮ ಸೆರಗಿನ ತುದಿ ಹಿಸುಕಿದಳು.

“ನೇರವಾದ ಮಾತು. ಬಲವಂತ ಬೇಡ” ಎಂದರು ಅಯ್ಯನವರು.

ಮಹದೇವಪ್ಪ ಬಿಡಲಿಲ್ಲ. “ಗಣೇಶನ್ನ ಬುಡೋ ದಿನ ಟ್ರ್ಯಾಕ್ಟರ್ ಮುಂದೆ ಅಂಗಿ ಅರಿಯಂಗೆ ಕುಣಿದ್ಯಲ್ಲ, ಅವತ್ತೆಲ್ಲಿತ್ಲಾ ನಿನ್ ನಂಬ್ಕೆ?”

“ಅದು... ನಮ್ಮೂರ್ದು ಅಂತ ಕುಣಿದೆ.”

“ಇದೇನ್ ಲಂಡನ್ದಾ?”

ಅಯ್ಯನವರಿಗೇ ನಗು ತಡೆಯಲಾಗಲಿಲ್ಲ. ಸಾಗರ್ ಹೆಲ್ಮೆಟ್ ತೆಗೆದು ತಲೆ ಕೆರೆದುಕೊಂಡ.

“ಆಯ್ತು ಬುಡು ಮಾವ, ಹಾಡ್ತೀನಿ. ಪ್ರಾರ್ಥ್ನೆ ಮಾತ್ರ ಮಾಡಕಿಲ್ಲ.”

“ಅದ ನಾ ಮಾಡ್ಕತೀನಿ ಕಣಪ್ಪ, ನಿನ್ ಪಾಲಿಂದೂ ಸೇರ್ಸಿ” ಎಂದಳು ಸುನಂದಮ್ಮ.

“ಹಾಗಾದ್ರೆ ಕರೆದವರ ಮನೆಗೆಲ್ಲ ಹೋಗೋಣ. ಮೊದಲು ನಿಮ್ಮನೆಗೇ, ಇವತ್ತು ಸಂಜೆಗೇ” ಎಂದರು ಅಯ್ಯನವರು.

“ಬನ್ನಿ. ಬಾಗ್ಲು ಹಾಕಂಡಿರ್ತೀನಿ. ಹಾಡು ಕೇಳೇ ತೆಗೀಬೇಕು, ಅದು ಪದ್ಧತಿ!” ಎನ್ನುತ್ತಾ ಮಹದೇವಪ್ಪ ಮನೆಯತ್ತ ದಾಪುಗಾಲು ಹಾಕಿದ.

ದೀಪ ಹಚ್ಚುವ ಹೊತ್ತಿಗೆ ಅವರೆಲ್ಲ ಅವನ ಅಂಗಳದಲ್ಲಿದ್ದರು. ಸಾಗರ್ ಹಾಡು ಎತ್ತಿಕೊಂಡ, ಮುದುಕಿಯರು ದನಿಗೂಡಿಸಿದರು. ಒಂದು ಚರಣ ಮುಗಿಯಿತು, ಬಾಗಿಲು ತೆರೆಯಲಿಲ್ಲ. ಎರಡನೆಯದಕ್ಕೆ ಒಳಗಿನಿಂದ ಮಹದೇವಪ್ಪನ ಒರಟು ದನಿಯೂ ಸೇರಿಕೊಂಡಿತು, ಒಂದಕ್ಷರ ತಪ್ಪದೆ. ಸುನಂದಮ್ಮನಿಗೆ ನಗು ಉಕ್ಕಿ ರಾಗವೇ ತಪ್ಪಿತು. ಆಮೇಲೆ ಚಿಲಕ ಸರಿದ ಸದ್ದಾಯಿತು.